ಕೊಬ್ಬರಿ ಎಣ್ಣೆ ಯಾವ ಕಪಾಟಿಗೆ?

ಪ್ರಶ್ನೆ: ತಿಪಟೂರಿನಲ್ಲಿ ನಮ್ಮ ತಂದೆ ನಲವತ್ತು ವರ್ಷದಿಂದ ನಡೆಸುತ್ತಿರುವ ದಿನಸಿ ಅಂಗಡಿ ಇದೆ. ಸುಮಾರು 1,800 ಬಗೆಯ ಸಾಮಾನು. ಕಳೆದ ವರ್ಷ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿದೆವು, ಈಗ ಗಿರಾಕಿಗಳು ಮೊಬೈಲಿನಲ್ಲೇ ಆರ್ಡರ್ ಮಾಡುವ ಆ್ಯಪ್ ಕೂಡ ಬಂದಿದೆ. ಸಾಫ್ಟ್‌ವೇರ್‌ನವರು 46 ವರ್ಗ ಮಾಡಿಕೊಟ್ಟಿದ್ದಾರೆ. ಅದರಲ್ಲಿ ‘ಇತರೆ’ ಎಂಬ ಒಂದೇ ವರ್ಗದಲ್ಲಿ ಮುನ್ನೂರಕ್ಕೂ ಹೆಚ್ಚು ಸಾಮಾನು ಕುಳಿತಿವೆ. ಆ್ಯಪ್‌ನಲ್ಲಿ ಸಿಗಲಿಲ್ಲ ಎಂದು ಜನ ಫೋನ್ ಮಾಡುತ್ತಾರೆ. ನೋಡಿದರೆ ಸಾಮಾನು ಅಂಗಡಿಯಲ್ಲಿ ಇದ್ದೇ ಇರುತ್ತದೆ. ತೆರಿಗೆಗಾಗಿ ಪ್ರತಿ ಸರಕಿಗೂ ಕೊಟ್ಟಿರುವ ಎಚ್‌ಎಸ್‌ಎನ್ ಕೋಡ್ ಪ್ರಕಾರವೇ ವಿಂಗಡಿಸಿಬಿಡಿ ಎಂದು ನಮ್ಮ ಲೆಕ್ಕಪರಿಶೋಧಕರು ಹೇಳುತ್ತಾರೆ. ನಮ್ಮದೇ ಹೆಸರಿನ ಸಾರಿನ ಪುಡಿ, ಚಟ್ನಿಪುಡಿ ಇದೆ; ಅದಕ್ಕೆ ಬೇರೆ ವರ್ಗ ಬೇಕೆ? ಕೊಬ್ಬರಿ ಎಣ್ಣೆಯನ್ನು ಅಡುಗೆ ಎಣ್ಣೆಯ ಜೊತೆ ಇಡಬೇಕೋ ತಲೆಗೆ ಹಚ್ಚುವ ಎಣ್ಣೆಯ ಜೊತೆಗೋ ಎಂದು ನನಗೂ ತಮ್ಮನಿಗೂ ಜಗಳವೇ ಆಗಿದೆ. ತಂದೆಯವರಂತೂ “ಇದೆಲ್ಲ ಯಾಕೆ, ಎಲ್ಲ ನನ್ನ ತಲೆಯಲ್ಲಿದೆ” ಎನ್ನುತ್ತಾರೆ.

ಉತ್ತರ: ನಿಮ್ಮ ತಂದೆಯವರ ಮಾತಿನಿಂದಲೇ ಶುರುಮಾಡುತ್ತೇನೆ. ಇಡೀ ಪತ್ರದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದೇ. ಗಲ್ಲಾ ಮುಂದಿಟ್ಟುಕೊಂಡು ವ್ಯಾಪಾರ ಮಾಡುವ ಅಂಗಡಿಗೆ ವರ್ಗಗಳ ಅಗತ್ಯ ನಿಜಕ್ಕೂ ಇಲ್ಲ. ಗಿರಾಕಿ ಬಂದು ಕಾಲು ಕೆಜಿ ಹುರಿಗಡಲೆ ಎನ್ನುತ್ತಾರೆ, ಅಂಗಡಿಯ ಹುಡುಗ ತಿರುಗಿಯೂ ನೋಡದೆ ಮೂರನೆಯ ಡಬ್ಬಕ್ಕೆ ಕೈಹಾಕುತ್ತಾನೆ. ಹುರಿಗಡಲೆ ಕಾಳೋ ಬೇಳೆಯೋ ಕುರುಕಲು ತಿಂಡಿಯೋ ಎಂದು ಯಾರೂ ಕೇಳುವುದಿಲ್ಲ. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ‘ಪಿಗ್ಲಿ ವಿಗ್ಲಿ’ ಎಂಬ ಅಂಗಡಿ ತೆರೆದು, ಗಿರಾಕಿಯ ಕೈಗೆ ಬುಟ್ಟಿ ಕೊಟ್ಟು ನೀವೇ ಆರಿಸಿಕೊಳ್ಳಿ ಎಂದು ಒಳಗೆ ಬಿಟ್ಟ. ಅಲ್ಲಿಗೆ ಅಂಗಡಿಯವನ ತಲೆಯಲ್ಲಿದ್ದದ್ದೆಲ್ಲ ಕಪಾಟಿನ ಮೇಲೆ ಕಾಣಲೇಬೇಕಾಯಿತು. ನಿಮ್ಮ ಆ್ಯಪ್ ಅದರ ಮುಂದಿನ ಮೆಟ್ಟಿಲು. ಅಲ್ಲಿ ಕಪಾಟೂ ಇಲ್ಲ, ಕಣ್ಣಾಡಿಸಿದಾಗ ಅಚಾನಕ್ಕಾಗಿ ಕಾಣಿಸುವ ಪೊಟ್ಟಣವೂ ಇಲ್ಲ, ಕೂಗಿ ಕೇಳೋಣವೆಂದರೆ ಹುಡುಗನೂ ಇಲ್ಲ. ಅಂಗೈಯಗಲದ ಪರದೆಯ ಮೇಲೆ ಹತ್ತು ಹನ್ನೆರಡು ಹೆಸರುಗಳಿವೆ, ಅಷ್ಟೇ. ಆ ಹೆಸರುಗಳು ನಿಮ್ಮ ತಂದೆಯವರ ತಲೆಯಿಂದ ಬರಬೇಕಿತ್ತು. ಸಾಫ್ಟ್‌ವೇರ್‌ನವರ ಸಿದ್ಧ ಪಟ್ಟಿಯಿಂದ ಬಂದಿವೆ. ನಿಮ್ಮ ತೊಂದರೆಯ ಮೂಲ ಅಲ್ಲಿದೆ.

ಮೊದಲು ಎಚ್‌ಎಸ್‌ಎನ್ ವಿಚಾರ ಮುಗಿಸಿಬಿಡೋಣ. ನಿಮ್ಮ ಲೆಕ್ಕಪರಿಶೋಧಕರು ಬಿಲ್ಲಿನ ಮಟ್ಟಿಗೆ ಹೇಳಿದ್ದು ಸರಿ. ವಿಶ್ವ ಕಸ್ಟಮ್ಸ್ ಸಂಸ್ಥೆಯ ಈ ಪದ್ಧತಿ 1988ರ ಜನವರಿ 1ರಂದು ಜಾರಿಗೆ ಬಂದದ್ದು, ಬಂದರಿನಲ್ಲಿ ಇಳಿಯುವ ಸರಕನ್ನು ಎಲ್ಲ ದೇಶಗಳೂ ಒಂದೇ ಸಂಖ್ಯೆಯಿಂದ ಕರೆಯಲಿ ಎಂದು. ಜಿಎಸ್‌ಟಿ ಅದನ್ನೇ ಎತ್ತಿಕೊಂಡಿತು. ವರ್ಷದ ವಹಿವಾಟು 5 ಕೋಟಿ ರೂಪಾಯಿಯವರೆಗೆ ಇದ್ದವರಿಗೆ ನಾಲ್ಕು ಅಂಕಿ, ಅದಕ್ಕಿಂತ ಮೇಲಿನವರಿಗೆ ಆರು. ಅದು ತೆರಿಗೆಯವರ ಕಣ್ಣು. ಆ ಕಣ್ಣಿನಿಂದ ನಿಮ್ಮ ಊರಿನ ಬೆಳೆಯನ್ನೇ ನೋಡಿ: ತೆಂಗಿನಕಾಯಿ 0801, ಹಣ್ಣು ಮತ್ತು ಗೋಡಂಬಿಗಳ ಸಾಲಿನಲ್ಲಿ. ಎಣ್ಣೆ ತೆಗೆಯುವ ಕೊಬ್ಬರಿ 1203, ಎಣ್ಣೆಕಾಳುಗಳ ಸಾಲಿನಲ್ಲಿ. ಕೊಬ್ಬರಿ ಎಣ್ಣೆ 1513. ತೆಂಗಿನ ನಾರು 5305, ಬಟ್ಟೆಯ ನೂಲುಗಳ ಪಕ್ಕದಲ್ಲಿ. ಕಡ್ಡಿ ಪೊರಕೆ 9603, ಬ್ರಷ್ಷುಗಳ ಸಂಗಡ. ಒಂದೇ ಮರ ಐದು ಅಧ್ಯಾಯಕ್ಕೆ ಹಂಚಿಹೋಯಿತು. ಕಡಲೆಕಾಯಿ 1202ರಲ್ಲಿ ಎಣ್ಣೆಕಾಳು, ತೊಗರಿಬೇಳೆ 0713ರಲ್ಲಿ ತರಕಾರಿಗಳ ಅಧ್ಯಾಯದೊಳಗೆ. ಅರಿಶಿನ, ಮೆಣಸು, ಕಾಫಿ, ಟೀ ನಾಲ್ಕೂ ಒಂದೇ ಒಂಬತ್ತನೆಯ ಅಧ್ಯಾಯದಲ್ಲಿ. ಬೇಳೆ ಹುಡುಕುವ ಗೃಹಿಣಿಯನ್ನು ತರಕಾರಿ ಎಂಬ ಬಾಗಿಲಿನಿಂದ ಒಳಗೆ ಕಳುಹಿಸಿದರೆ ಅವರು ಎದುರಿನ ಅಂಗಡಿಗೆ ಹೋಗುತ್ತಾರೆ.

ಇನ್ನೊಂದು ಕಾರಣವೂ ಇದೆ. ತೆರಿಗೆಯ ಗೆರೆಗಳು ಅಲುಗಾಡುತ್ತವೆ. 2020ರಲ್ಲಿ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರವು ಪ್ಯಾಕೆಟ್ಟಿನಲ್ಲಿ ಬರುವ ಪರೋಟ ರೊಟ್ಟಿಯಲ್ಲ, ತಿನ್ನುವ ಮೊದಲು ಬಿಸಿಮಾಡಬೇಕು, ಆದ್ದರಿಂದ ಶೇ 18 ಎಂದಿತು. ರೊಟ್ಟಿಗೆ ಆಗ ಶೇ 5. ದೇಶವೆಲ್ಲ ನಕ್ಕಿತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ತೆರಿಗೆಯೇ ಇಲ್ಲ. ಆ ದಿನವೇ ಶೇ 12 ಮತ್ತು 28ರ ಹಂತಗಳು ಬಹುಮಟ್ಟಿಗೆ ಹೋದವು. ಅಕ್ಕಿಯ ಕಥೆ ನಿಮಗೆ ಹೇಳಬೇಕಿಲ್ಲ: 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಾಕಿದ ಚೀಲಕ್ಕೆ ಶೇ 5 ತೆರಿಗೆ ಬಂತು, ಮಾರುಕಟ್ಟೆಗೆ 26 ಕೆಜಿ ಚೀಲವೂ ಬಂತು! ವರ್ಗದ ಗೆರೆ ಸರಕನ್ನೇ ಒಂದು ಕೆಜಿ ಉಬ್ಬಿಸಿಬಿಟ್ಟಿತು. ಇಂಥ ಗೆರೆಗಳ ಮೇಲೆ ಅಂಗಡಿಯ ಗೋಡೆ ಕಟ್ಟಿದರೆ ದರ ತೀರ್ಮಾನಿಸುವ ಜಿಎಸ್‌ಟಿ ಕೌನ್ಸಿಲ್ ಸಭೆ ಸೇರಿದಾಗಲೆಲ್ಲ ಗೋಡೆ ಒಡೆಯಬೇಕಾಗುತ್ತದೆ. ಎಚ್‌ಎಸ್‌ಎನ್ ಸಂಖ್ಯೆಯನ್ನು ಪ್ರತಿ ಸಾಮಾನಿನ ವಿವರದಲ್ಲಿ ಒಂದು ಕಾಲಂ ಆಗಿ ಇಟ್ಟುಕೊಳ್ಳಿ. ಬಿಲ್ಲು ಅದನ್ನು ಓದಿಕೊಳ್ಳುತ್ತದೆ, ಗಿರಾಕಿಗೆ ಅದು ಕಾಣಬೇಕಾಗಿಲ್ಲ.

ಈಗ ಅಣ್ಣತಮ್ಮಂದಿರ ಜಗಳಕ್ಕೆ ಬರುತ್ತೇನೆ. ನಿಮ್ಮ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ ಬಂದದ್ದು ಎಂದರೆ ನಗಬೇಡಿ. ಸಣ್ಣ ಬಾಟಲಿಯ ಶುದ್ಧ ಕೊಬ್ಬರಿ ಎಣ್ಣೆ ಅಡುಗೆ ಎಣ್ಣೆಯೋ ಕೂದಲ ಎಣ್ಣೆಯೋ ಎಂದು ಕಂಪನಿಗಳೂ ತೆರಿಗೆ ಇಲಾಖೆಯೂ ವರ್ಷಗಟ್ಟಲೆ ಹೊಡೆದಾಡಿದರು. ಜಿಎಸ್‌ಟಿ ಬಂದಮೇಲೆ ಒಂದಕ್ಕೆ ಶೇ 5, ಇನ್ನೊಂದಕ್ಕೆ ಶೇ 18. 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಒಮ್ಮತಕ್ಕೆ ಬರಲಿಲ್ಲ, ಒಬ್ಬೊಬ್ಬರದು ಒಂದೊಂದು ತೀರ್ಪು. ಕೊನೆಗೆ 2024ರ ಡಿಸೆಂಬರ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು: ಬಾಟಲಿ ಚಿಕ್ಕದು ಎಂಬ ಕಾರಣಕ್ಕೇ ಅದು ಕೂದಲ ಎಣ್ಣೆ ಆಗುವುದಿಲ್ಲ; ಕೂದಲಿಗೆಂದು ಲೇಬಲ್ಲಿನಲ್ಲಿ ಹೇಳಿಕೊಂಡು ಮಾರಿದರೆ ಮಾತ್ರ ಆಗುತ್ತದೆ. ಮುಂದಿನ ಸೆಪ್ಟೆಂಬರ್‌ನಲ್ಲಿ ಕೂದಲ ಎಣ್ಣೆಯ ದರವೂ ಶೇ 5ಕ್ಕೆ ಇಳಿಯಿತು, ತೆರಿಗೆಯ ಜಗಳದಲ್ಲಿ ಹುರುಳು ಉಳಿಯಲಿಲ್ಲ. ನಿಮ್ಮ ಕಪಾಟಿನ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಅದಕ್ಕೆ ನನ್ನ ಉತ್ತರ ಹೀಗೆ. ಖಾದ್ಯ ಎಂದು ಬರೆದ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಇರುವ ಶುದ್ಧ ಕೊಬ್ಬರಿ ಎಣ್ಣೆಯ ಮನೆ ಅಡುಗೆ ಎಣ್ಣೆಯ ವರ್ಗವೇ. ನಿಮ್ಮ ಊರಿನಲ್ಲಿ ಅದನ್ನು ಬಹುಪಾಲು ಜನ ತಲೆಗೇ ಹಚ್ಚುತ್ತಾರೆ ಎಂಬುದು ನಿಮ್ಮ ತಮ್ಮನ ವಾದವಾಗಿರಬಹುದು, ಅದೂ ನಿಜವೇ. ಆದರೂ ಮನೆ ಅಲ್ಲೇ ಇರಲಿ. ಅಡುಗೆ ಎಣ್ಣೆಯನ್ನು ತಲೆಗೆ ಹಚ್ಚಿಕೊಂಡರೆ ಯಾರಿಗೂ ಏನೂ ಆಗುವುದಿಲ್ಲ. ಸುವಾಸನೆ ಬೆರೆತ ತಲೆ ಎಣ್ಣೆಯಲ್ಲಿ ಒಗ್ಗರಣೆ ಹಾಕಿದರೆ ಆಗುತ್ತದೆ. ಕೂದಲ ಆರೈಕೆಯ ಪುಟದಲ್ಲೂ ಅದೇ ಬಾಟಲಿ ಕಾಣಿಸುವಂತೆ ಮಾಡಿ, ಆ್ಯಪ್‌ನಲ್ಲಿ ಅದಕ್ಕೆ ಕಾಸು ಖರ್ಚಿಲ್ಲ. ಹೆಣ್ಣುಮಗಳಿಗೆ ತವರು ಒಂದೇ, ನೆಂಟರ ಮನೆ ಹತ್ತಾದರೂ ಇರಬಹುದು. ಸಾಮಾನಿಗೂ ಹಾಗೆಯೇ: ದಾಸ್ತಾನು, ಖರೀದಿ, ಲಾಭನಷ್ಟದ ಲೆಕ್ಕ ಎಲ್ಲವೂ ತವರಿನ ಹೆಸರಿನಲ್ಲಿ ನಡೆಯಬೇಕು. ಎರಡು ಕಡೆ ತವರು ಮಾಡಿದ ಅಂಗಡಿಗಳಲ್ಲಿ ಒಂದೇ ಬಾಟಲಿ ಎರಡು ಸಂಖ್ಯೆಯಲ್ಲಿ ದಾಖಲಾಗಿ, ಒಂದು ಕಡೆ ‘ಖಾಲಿ’ ಎಂದೂ ಇನ್ನೊಂದು ಕಡೆ ‘12 ಇದೆ’ ಎಂದೂ ತೋರಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ.

ನಿಮ್ಮ ಪತ್ರದ ಜೊತೆಗಿದ್ದ 46 ವರ್ಗಗಳ ಪಟ್ಟಿಯನ್ನು ನಿಧಾನವಾಗಿ ಓದಿದೆ. ಅದರಲ್ಲಿ ‘ಅಕ್ಕಿ’ ಇದೆ, ‘ಸಾವಯವ’ ಇದೆ, ‘ಹಬ್ಬದ ಸಾಮಾನು’ ಇದೆ, ‘1 ಕೆಜಿ ಪ್ಯಾಕ್’ ಎಂಬುದೂ ಇದೆ. ಸಾವಯವ ರಾಜಮುಡಿ ಅಕ್ಕಿಯ ಒಂದು ಕೆಜಿ ಪೊಟ್ಟಣ ಎಲ್ಲಿಗೆ ಹೋಗಬೇಕು? ಮೂರು ಕಡೆಗೂ ಹೋಗಬಹುದು, ಹಾಗಾಗಿ ಬೇಸತ್ತ ಹುಡುಗ ‘ಇತರೆ’ಗೆ ಹಾಕಿದ್ದಾನೆ. ಅವನ ತಪ್ಪಲ್ಲ. ಬೇರೆ ಬೇರೆ ಮೂರು ಪ್ರಶ್ನೆಗಳ ಉತ್ತರಗಳನ್ನು ಒಂದೇ ಪಟ್ಟಿಯಲ್ಲಿ ಕಲಸಿಟ್ಟಿದ್ದಾರೆ. ಇದೇನು ವಸ್ತು ಎಂಬುದು ಒಂದು ಪ್ರಶ್ನೆ. ಅದರ ಉತ್ತರವನ್ನು ನಾನು ವರ್ಗ ಎನ್ನುತ್ತೇನೆ. ಇದು ಎಂಥದ್ದು, ಎಷ್ಟು ತೂಕದ್ದು, ಯಾರ ತಯಾರಿಕೆ ಎಂಬುದು ಇನ್ನೊಂದು, ಅವು ಗುಣಗಳು. ಯಾವ ಕೆಲಸಕ್ಕೆ, ಯಾವ ಸಂದರ್ಭಕ್ಕೆ ಬೇಕು ಎಂಬುದು ಮೂರನೆಯದು; ಅದನ್ನು ಚೀಟಿ ಎಂದು ಕರೆಯೋಣ, ನಿಮ್ಮ ಗಿರಾಕಿಗಳು ಅದನ್ನು ಚೀಟಿಯಲ್ಲೇ ಬರೆದು ತರುವುದರಿಂದ. ರಾಜಮುಡಿಯ ವರ್ಗ ಅಕ್ಕಿ. ಸಾವಯವ, ಒಂದು ಕೆಜಿ, ಕೆಂಪು, ಹಳೆಯದು ಇವೆಲ್ಲ ಅದರ ಗುಣಗಳು. ಗುಣಗಳಿಗೆ ವರ್ಗದ ಪಟ್ಟ ಕಟ್ಟುವುದೇ ನಾನು ಕಂಡ ತಪ್ಪುಗಳಲ್ಲೆಲ್ಲ ಹೆಚ್ಚು ಸಾಮಾನ್ಯವಾದದ್ದು, ದೊಡ್ಡ ದೊಡ್ಡ ಸರಪಳಿ ಅಂಗಡಿಗಳೂ ಇದರಿಂದ ಪಾರಾಗಿಲ್ಲ.

ಯಾವ ಗುಣಗಳನ್ನು ಬರೆದಿಡಬೇಕು ಎಂಬುದು ವರ್ಗದಿಂದ ವರ್ಗಕ್ಕೆ ಬದಲಾಗುತ್ತದೆ. ಅಕ್ಕಿ ಕೊಳ್ಳುವವರು ತಳಿ ಕೇಳುತ್ತಾರೆ, ಸ್ಟೀಮ್ ಹೌದೋ ಅಲ್ಲವೋ ಕೇಳುತ್ತಾರೆ, ಹೊಸ ಅಕ್ಕಿಯೋ ಹಳೆಯದೋ ಕೇಳದೆ ಹೋಗುವುದಿಲ್ಲ. ಬೆಲ್ಲಕ್ಕೆ ಅಚ್ಚು, ಉಂಡೆ, ಪುಡಿ, ಜೋನಿ ಎಂಬ ಆಕಾರವೇ ಮುಖ್ಯ. ಸೋಪಿಗೆ ತೂಕ ಮತ್ತು ಎಷ್ಟರ ಕಟ್ಟು. ಒಂದು ಸರಳ ಪರೀಕ್ಷೆ ಇದೆ: ಅಂಗಡಿಯ ಹುಡುಗ ಗಿರಾಕಿಗೆ ಮರುಪ್ರಶ್ನೆ ಹಾಕುತ್ತಾನಲ್ಲ, ‘ಯಾವುದು ಕೊಡಲಿ?’ ಎಂದು, ಆ ಪ್ರಶ್ನೆಗೆ ಬರುವ ಉತ್ತರವೇ ಗುಣ. ಹುಡುಗ ಕೇಳದ, ಗಿರಾಕಿ ಹೇಳದ ಗುಣಗಳನ್ನು ತುಂಬಿಸುತ್ತ ಕೂರಬೇಡಿ. ಸಾಫ್ಟ್‌ವೇರಿನಲ್ಲಿ ಖಾಲಿ ಚೌಕಗಳಿವೆ ಎಂಬುದು ಅವನ್ನು ತುಂಬಲು ಕಾರಣವಲ್ಲ.

ರವೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಇಡೀ ಶಾಸ್ತ್ರವೇ ಅದರಲ್ಲಿದೆ. ಚಿರೋಟಿ ರವೆ, ಬನ್ಸಿ ರವೆ, ಉಪ್ಪಿಟ್ಟಿನ ರವೆ, ಇಡ್ಲಿ ರವೆ. ಮೊದಲ ಮೂರು ಗೋಧಿಯವು, ಕೊನೆಯದು ಅಕ್ಕಿಯದು. ವಸ್ತು ಯಾವುದರಿಂದ ಆಯಿತು ಎಂದು ವಿಂಗಡಿಸಿದರೆ ಇಡ್ಲಿ ರವೆ ಅಕ್ಕಿಯ ಕಡೆ ಹೋಗಬೇಕು. ಹಾಗೆಯೇ ಸಬ್ಬಕ್ಕಿ ಹೆಸರಿನಲ್ಲಿ ಅಕ್ಕಿ, ಹುಟ್ಟಿನಲ್ಲಿ ಮರಗೆಣಸು. ಆದರೆ ಇಡ್ಲಿ ರವೆ ಬೇಕಾದವರು ರವೆ ಎಂಬ ಬಾಗಿಲನ್ನೇ ತಟ್ಟುತ್ತಾರೆ, ಅಕ್ಕಿಯ ಬಾಗಿಲನ್ನಲ್ಲ. ಜನರ ಕೈ ಹೋಗುವ ಕಡೆ ವಸ್ತು ಇರಬೇಕು, ಆದ್ದರಿಂದ ತವರು ರವೆ. ‘ಅಕ್ಕಿಯಿಂದ ಮಾಡಿದ್ದು’ ಎಂಬುದನ್ನು ಗುಣವಾಗಿ ಬರೆಯಲೇಬೇಕು. ಇದನ್ನು ಹೇಳಲು ಕಾರಣವಿದೆ. ಹಲವು ವರ್ಷಗಳ ಹಿಂದೆ ಒಂದು ಅಂಗಡಿ ಸರಪಳಿಗೆ ಪಟ್ಟಿ ಮಾಡಿಕೊಡುವಾಗ ನಾನು ರವೆಯ ವರ್ಗಕ್ಕೆಲ್ಲ ಒಂದೇ ಏಟಿಗೆ ‘ಮೂಲ: ಗೋಧಿ’ ಎಂದು ತುಂಬಿಸಿದ್ದೆ, ಕೆಲಸ ಬೇಗ ಮುಗಿಯಲಿ ಎಂದು. ಗೋಧಿ ಒಗ್ಗದ ಮಗುವಿನ ತಾಯಿಯೊಬ್ಬರು ‘ಗೋಧಿಯಿಲ್ಲದ್ದು’ ಎಂದು ಸೋಸಿ ನೋಡಿದಾಗ ಇಡ್ಲಿ ರವೆ ಕಾಣಿಸಲಿಲ್ಲ. ಅವರು ದೂರು ಕೊಟ್ಟಿದ್ದರಿಂದ ಗೊತ್ತಾಯಿತು. ನಷ್ಟ ಅಷ್ಟಕ್ಕೇ ನಿಂತಿತು. ತಪ್ಪು ತಿರುಗುಮುರುಗಾಗಿ ಗೋಧಿಯ ರವೆ ಅಲ್ಲಿ ಕಾಣಿಸಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಒಮ್ಮೊಮ್ಮೆ ನೆನಪಾಗುತ್ತದೆ.

ವರ್ಗೀಕರಣ ಎಂದರೆ ಅಂದದ ವಿಚಾರ ಎಂದುಕೊಂಡವರಿಗೆ ನಾನು ಕರ್ಪೂರದ ಉದಾಹರಣೆ ಕೊಡುತ್ತೇನೆ. ಪಚ್ಚ ಕರ್ಪೂರವನ್ನು ಲಾಡುವಿಗೆ, ತೀರ್ಥಕ್ಕೆ ಚಿಟಿಕೆಯಷ್ಟು ಹಾಕುತ್ತಾರೆ. ಆರತಿಯ ಕರ್ಪೂರ ಹೊಟ್ಟೆಗೆ ಹೋದರೆ ವಿಷ. ನಿಮ್ಮ ಪಟ್ಟಿಯಲ್ಲಿ ಎರಡೂ ‘ಕರ್ಪೂರ’ ಎಂಬ ಒಂದೇ ಹೆಸರಿನಡಿ ಅಕ್ಕಪಕ್ಕ ಕುಳಿತಿವೆ, ಚಿತ್ರಗಳೂ ಒಂದೇ ಥರ ಬೆಳ್ಳಗಿವೆ. ಇವತ್ತೇ ಬೇರೆ ಮಾಡಿ. ದೀಪದ ಎಣ್ಣೆಯನ್ನು ಅಡುಗೆ ಎಣ್ಣೆಯ ಪುಟದಿಂದ ತೆಗೆಯಿರಿ, ಅದು ಪೂಜೆಗೆ ಮಾತ್ರ ಎಂದು ಲೇಬಲ್ಲೇ ಹೇಳುತ್ತದೆ. ಪೂಜೆಯ ಅರಿಶಿನವೂ ಅಡುಗೆಯ ಅರಿಶಿನವೂ ಬೇರೆ ಬೇರೆ. ರಂಗೋಲಿ ಪುಡಿ ಹಿಟ್ಟುಗಳ ಸಾಲಿನಲ್ಲಿದ್ದದ್ದನ್ನು ನಾನು ಒಂದು ಅಂಗಡಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಇಲ್ಲಿ ಮಾತ್ರ ನನ್ನ ಮಾತು ಕಟ್ಟುನಿಟ್ಟು: ತಿನ್ನುವ ವಸ್ತು, ತಿನ್ನದ ವಸ್ತು ಎಂಬ ಗೆರೆಯನ್ನು ಯಾವ ವರ್ಗವೂ ದಾಟಬಾರದು, ತಿನ್ನದ್ದು ನೆಂಟರ ಮನೆಯ ನೆಪದಲ್ಲೂ ತಿನ್ನುವುದರ ಕಡೆಗೆ ದಾಟಬಾರದು. ತಿನ್ನುವ ಕೊಬ್ಬರಿ ಎಣ್ಣೆ ಕೂದಲ ಪುಟಕ್ಕೆ ಅತಿಥಿಯಾಗಿ ಹೋಗಬಹುದು, ಅಲ್ಲಿಂದ ಯಾವುದೂ ಈ ಕಡೆ ಬರುವಂತಿಲ್ಲ. ಸಂದೇಹ ಬಂದಾಗ ಪೊಟ್ಟಣ ತಿರುಗಿಸಿ 14 ಅಂಕಿಯ ಆ ಸಂಖ್ಯೆ ಇದೆಯೇ ನೋಡಿ.

ಇನ್ನು ಹೆಸರುಗಳು. ಸಿಗಲಿಲ್ಲ ಎಂದು ಫೋನ್ ಮಾಡುವವರಲ್ಲಿ ಅರ್ಧದಷ್ಟು ಜನರ ತೊಂದರೆ ವರ್ಗದ್ದೇ ಅಲ್ಲ, ಮಾತಿನದ್ದು ಎಂಬುದು ನನ್ನ ಗುಮಾನಿ. ನಿಮ್ಮ ಆ್ಯಪ್ ‘ಹುರಿಗಡಲೆ’ ಎನ್ನುತ್ತದೆ. ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ಬ್ಯಾಂಕ್ ನೌಕರರು ‘ಪುಟಾಣಿ’ ಎಂದು ಹುಡುಕುತ್ತಾರೆ. ನೀವು ಕಡಲೆಕಾಯಿ ಬೀಜ ಎಂದರೆ ಅವರು ಶೇಂಗಾ ಎನ್ನುತ್ತಾರೆ, ಮಂಗಳೂರಿನವರು ನೆಲಗಡಲೆ ಎನ್ನುತ್ತಾರೆ. ಮೈಸೂರಿನ ಪುರಿ, ದಾವಣಗೆರೆಯ ಮಂಡಕ್ಕಿ, ಧಾರವಾಡದ ಚುರುಮುರಿ ಒಂದೇ ಡಬ್ಬದಲ್ಲಿರುವುದು. ಇನ್ನು ‘ಜೋಳ’ ಎಂಬ ಮಾತಿನಲ್ಲಂತೂ ಎರಡು ಬೆಳೆಗಳಿವೆ. ಕಲಬುರಗಿಯವರಿಗೆ ಅದು ರೊಟ್ಟಿಯ ಬಿಳಿಜೋಳ, ನಿಮ್ಮ ಕಡೆಯ ಮಗುವಿಗೆ ಬೇಯಿಸಿ ತಿನ್ನುವ ಮುಸುಕಿನ ಜೋಳ. ಇದಕ್ಕೆಲ್ಲ ಹೊಸ ವರ್ಗ ಮಾಡಬೇಡಿ. ಪ್ರತಿ ಸಾಮಾನಿಗೂ ತೋರಿಸುವ ಹೆಸರು ಒಂದು, ಹುಡುಕಾಟಕ್ಕೆ ಸಿಗುವ ಗುಪ್ತ ಹೆಸರುಗಳು ಎಷ್ಟಾದರೂ. ನಿಮ್ಮ ಸಾಫ್ಟ್‌ವೇರಿನಲ್ಲಿ ಇದಕ್ಕೆ ಜಾಗ ಇದ್ದೇ ಇರುತ್ತದೆ, ಕೇಳಿ ತಿಳಿದುಕೊಳ್ಳಿ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವವರನ್ನೂ ಮರೆಯಬೇಡಿ. ಮೆಂತ್ಯ ಎಂಬ ಎರಡಕ್ಷರವನ್ನು ಜನ ನಾಲ್ಕೈದು ಬಗೆಯ ಕಾಗುಣಿತದಲ್ಲಿ ಬರೆಯುತ್ತಾರೆ. ಏನೂ ಸಿಗದೆ ಹೋದ ಹುಡುಕಾಟಗಳ ಪಟ್ಟಿಯನ್ನು ಸಾಫ್ಟ್‌ವೇರ್‌ನವರಿಂದ ತರಿಸಿ ತಿಂಗಳಿಗೊಮ್ಮೆ ಓದಿ. ಆ ಪಟ್ಟಿ ಗಿರಾಕಿಗಳು ನಿಮಗೆ ಬರೆದ ಕಾಗದವೇ.

ಮೊದಲ ಪುಟದಲ್ಲಿ ಹನ್ನೆರಡು ಹೆಸರಿಗಿಂತ ಹೆಚ್ಚು ಬೇಡ. ಒಳಗೆ ಇನ್ನೊಂದು ಹಂತ ಸಾಕು. ಮೂರನೆಯ ಹಂತ ದಿನಸಿ ಅಂಗಡಿಗೆ ಅತಿಯಾಯಿತು. ಐದಾರು ಸಾಮಾನು ಮಾತ್ರ ಇರುವ ವರ್ಗವನ್ನು ಪಕ್ಕದ್ದರಲ್ಲಿ ಸೇರಿಸಿ, ಬೆರಳಿನಿಂದ ತಳ್ಳಿ ತಳ್ಳಿ ಸುಸ್ತಾಗುವಷ್ಟು ಉದ್ದವಾದದ್ದನ್ನು ಒಡೆಯಿರಿ.

ನಿಮ್ಮದೇ ಹೆಸರಿನ ಪುಡಿಗಳ ಬಗ್ಗೆ ಕೇಳಿದ್ದೀರಿ. ಬೇರೆ ವರ್ಗ ಬೇಡ. ಬ್ರ್ಯಾಂಡ್ ಕೂಡ ಒಂದು ಗುಣವೇ. ಸಾರಿನ ಪುಡಿ ಕೊಳ್ಳಲು ಬಂದವರು ನಾಲ್ಕು ಕಂಪನಿಗಳ ಪುಡಿಯನ್ನು ಒಂದೇ ಪುಟದಲ್ಲಿ ನೋಡಿ ಬೆಲೆ ಹೋಲಿಸುತ್ತಾರೆ. ನಿಮ್ಮದು ಆ ಪುಟದಲ್ಲಿ ಇಲ್ಲದಿದ್ದರೆ ಓಟಕ್ಕೇ ನಿಲ್ಲಲಿಲ್ಲ ಎಂದರ್ಥ. ‘ನಮ್ಮ ತಯಾರಿಕೆ’ ಎಂಬ ವರ್ಗ ಮಾಡಿ ಹೆಮ್ಮೆಯಿಂದ ಮೇಲೆ ಕೂರಿಸಿದ ಹಲವು ಅಂಗಡಿಗಳನ್ನು ಬಲ್ಲೆ, ಆ ಬಾಗಿಲನ್ನು ತೆರೆಯುವವರು ಮಾಲೀಕರ ಬಂಧುಗಳು ಮಾತ್ರ. ಆದರೆ ಜನ ಬ್ರ್ಯಾಂಡಿನ ಹೆಸರನ್ನೇ ಹಿಡಿದು ಬರುವ ಸಂದರ್ಭಗಳಿವೆ. ನಂದಿನಿ ಹಾಗೆ: ಹಾಲು, ಮೊಸರು, ತುಪ್ಪ, ಪೇಡ ಎಲ್ಲವೂ ಆ ಹೆಸರಿನಲ್ಲಿವೆ, ಹಾಲನ್ನಂತೂ ಜನ ಹೆಸರನ್ನೂ ಬಿಟ್ಟು ‘ನೀಲಿ ಪ್ಯಾಕೆಟ್’ ಎಂದು ಬಣ್ಣದಿಂದಲೇ ಕೇಳುತ್ತಾರೆ. ಅಂಥವುಗಳಿಗೆ ಒಂದು ಬ್ರ್ಯಾಂಡ್ ಪುಟ ಮಾಡಿ, ತವರು ಮಾತ್ರ ಹಾಲು ಉತ್ಪನ್ನಗಳಲ್ಲೇ ಇರಲಿ. ‘ನೀಲಿ’ ಎಂಬ ಮಾತನ್ನೂ ಗುಪ್ತ ಹೆಸರುಗಳಿಗೆ ಸೇರಿಸಿ.

ಮುಂದೆ ನಿಮ್ಮ ಚಟ್ನಿಪುಡಿಯನ್ನು ಬೆಂಗಳೂರಿನ ದೊಡ್ಡ ಅಂಗಡಿಗಳಿಗೆ ಕೊಡುವ ಯೋಚನೆ ಇದ್ದರೆ ನೀವು ಗಲ್ಲಾದ ಈಚೆಗೆ ಬಂದು ನಿಲ್ಲುತ್ತೀರಿ. ಆಗ ಜಿಎಸ್1 ಇಂಡಿಯಾದಿಂದ ಬಾರ್‌ಕೋಡ್ ಸಂಖ್ಯೆ ಪಡೆಯಬೇಕು, 890ರಿಂದ ಶುರುವಾಗುವ 13 ಅಂಕಿ. ಬಹಳ ಜನ 890 ಎಂದರೆ ಭಾರತದಲ್ಲಿ ತಯಾರಾದದ್ದು ಎಂದುಕೊಂಡಿದ್ದಾರೆ. ಸಂಖ್ಯೆ ಕೊಟ್ಟದ್ದು ಇಲ್ಲಿನ ಸಂಸ್ಥೆ ಎಂದಷ್ಟೇ ಅದರ ಅರ್ಥ. ನೂರು ಗ್ರಾಂ ಪೊಟ್ಟಣಕ್ಕೂ ಇನ್ನೂರು ಗ್ರಾಂ ಪೊಟ್ಟಣಕ್ಕೂ ಬೇರೆ ಬೇರೆ ಸಂಖ್ಯೆ. ಕೊಳ್ಳುವ ಕಂಪನಿ ನಿಮ್ಮ ಪುಡಿಯನ್ನು ಮಸಾಲೆಯ ಸಾಲಿಗೆ ಹಾಕುತ್ತದೋ ಉಪ್ಪಿನಕಾಯಿಯ ಸಾಲಿಗೋ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಸಾಂಬಾರ್ ಪುಡಿಗಳ ನಡುವೆ ಚಟ್ನಿಪುಡಿ ಮಂಕಾಗುತ್ತದೆ, ತುಪ್ಪ ಉಪ್ಪಿನಕಾಯಿಗಳ ಪಕ್ಕದಲ್ಲಿ ಊಟಕ್ಕೆ ಕೂತವರ ಕಣ್ಣಿಗೆ ಬೀಳುತ್ತದೆ. ದೊಡ್ಡ ಸರಪಳಿಗಳಲ್ಲಿ ಕೆಲವೊಮ್ಮೆ ಒಂದು ವರ್ಗದ ಕಪಾಟು ಹೇಗಿರಬೇಕೆಂದು ಸಲಹೆ ಕೊಡುವ ಕೆಲಸವನ್ನು ಆ ವರ್ಗದ ಅತಿ ದೊಡ್ಡ ಕಂಪನಿಗೇ ಒಪ್ಪಿಸುತ್ತಾರೆ, ಅದಕ್ಕೆ ‘ಕೆಟಗರಿ ಕ್ಯಾಪ್ಟನ್’ ಎಂಬ ಗತ್ತಿನ ಹೆಸರು ಬೇರೆ. ಸಣ್ಣವರ ಪೊಟ್ಟಣ ಮೊಣಕಾಲಿನ ಎತ್ತರಕ್ಕೆ ಇಳಿಯುವುದು ಹಾಗೆ.

ಒಂದು ಎಚ್ಚರಿಕೆ, ನನ್ನ ಪೆಟ್ಟು ತಿಂದ ಅನುಭವದಿಂದ. ಸಾಮಾನಿನ ಒಳಸಂಖ್ಯೆಯಲ್ಲಿ ವರ್ಗದ ಸುಳಿವು ತುಂಬಬೇಡಿ. ಮಸಾಲೆಗೆಲ್ಲ 40ರಿಂದ, ಎಣ್ಣೆಗೆಲ್ಲ 50ರಿಂದ ಶುರುವಾಗಲಿ ಎಂದು ನಾನೊಮ್ಮೆ ಬಹಳ ಜಾಣತನದಿಂದ ಸಂಖ್ಯೆ ಕೊಟ್ಟಿದ್ದೆ. ಎರಡು ವರ್ಷದ ನಂತರ ವರ್ಗ ಬದಲಿಸಬೇಕಾಗಿ ಬಂತು. ಸಂಖ್ಯೆ ಬದಲಿಸಿದರೆ ಹಳೆಯ ಮಾರಾಟದ ಲೆಕ್ಕ ಕಳಚಿಕೊಳ್ಳುತ್ತದೆ, ಬದಲಿಸದಿದ್ದರೆ ಸಂಖ್ಯೆ ಸುಳ್ಳು ಹೇಳುತ್ತದೆ. ಸಂಖ್ಯೆ ಮೂಕವಾಗಿರಲಿ. 1, 2, 3 ಎಂದು ಬಂದ ಸರದಿಯಲ್ಲೇ ಕೊಟ್ಟುಬಿಡಿ.

ಕೆಲಸ ಎಲ್ಲಿಂದ ಶುರು ಮಾಡಬೇಕು? ‘ಇತರೆ’ಯಿಂದ. ಆ ಮುನ್ನೂರನ್ನು ಮುದ್ರಿಸಿ ತೆಗೆದು, ಯಾವು ಗುಂಪು ಗುಂಪಾಗಿ ಬಂದು ಕುಳಿತಿವೆ ನೋಡಿ. ನನ್ನ ಊಹೆಯಲ್ಲಿ ಅರ್ಧದಷ್ಟು ಪೂಜೆಯ ಸಾಮಾನು ಮತ್ತು ಗ್ರಂಧಿಗೆ ಸಾಮಾನು, ಅಂದರೆ ಮನೆಮದ್ದಿನ ಬೇರು, ಕಾಯಿಗಳು. ಸಾಫ್ಟ್‌ವೇರ್ ಬರೆದವರಿಗೆ ಗ್ರಂಧಿಗೆ ಅಂಗಡಿ ಎಂಬುದೊಂದಿದೆ ಎಂದೇ ಗೊತ್ತಿರಲಾರದು. ಅತಿಮಧುರ, ಬಜೆ, ಅಳಲೆಕಾಯಿ, ಜಾಯಿಕಾಯಿ, ಹಿಪ್ಪಲಿ ಎಲ್ಲವನ್ನೂ ಅವರ ಪಟ್ಟಿ ಕಂಗಾಲಾಗಿ ಒಂದೇ ಮೂಲೆಗೆ ತಳ್ಳಿದೆ. ಅದಕ್ಕೊಂದು ವರ್ಗ ಮಾಡಿ, ಹೆಸರೂ ಗ್ರಂಧಿಗೆ ಎಂದೇ ಇರಲಿ.

ಆಮೇಲೆ ಹೆಚ್ಚು ಮಾರಾಟವಾಗುವ ನೂರು ಸಾಮಾನುಗಳ ಹೆಸರನ್ನು ಒಂದೊಂದು ಕಾಗದದ ತುಂಡಿನಲ್ಲಿ ಬರೆಯಿರಿ. ಹಳೆಯ ಮದುವೆ ಕರೆಯೋಲೆಗಳ ಬೆನ್ನು ಇದಕ್ಕೆ ಚೆನ್ನಾಗಿರುತ್ತದೆ, ದಪ್ಪ ಕಾಗದ. ಮಧ್ಯಾಹ್ನ ವ್ಯಾಪಾರ ತಣ್ಣಗಿರುವ ಹೊತ್ತಿನಲ್ಲಿ ಐದಾರು ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ, ನಿಮಗೆ ತೋಚಿದಂತೆ ಗುಡ್ಡೆ ಮಾಡಿ, ಗುಡ್ಡೆಗೊಂದು ಹೆಸರು ಕೊಡಿ ಎನ್ನಿ. ಒಬ್ಬರು ವಯಸ್ಸಾದವರಿರಲಿ, ಒಬ್ಬರು ಹೊಸದಾಗಿ ಸಂಸಾರ ಹೂಡಿದವರು, ಒಬ್ಬರು ಬೇರೆ ಜಿಲ್ಲೆಯವರು. ಕಾಫಿ ಕೊಡಿ, ನಡುವೆ ಬಾಯಿ ಹಾಕಬೇಡಿ. ಅವರು ಮಾಡಿದ ಗುಡ್ಡೆಗಳಿಗಿಂತ ಅವರ ಕೈ ಎಲ್ಲಿ ತಡವರಿಸಿತು ಎಂಬುದನ್ನು ಗಮನಿಸಿ ಬರೆದುಕೊಳ್ಳಿ. ಒಣದ್ರಾಕ್ಷಿ ಹಿಡಿದ ಕೈ ಗೋಡಂಬಿಯ ಕಡೆಗೂ ಪಾಯಸದ ಶಾವಿಗೆಯ ಕಡೆಗೂ ಓಲಾಡಿದರೆ, ಆ ಸಾಮಾನಿಗೆ ನೆಂಟರ ಮನೆ ಬೇಕು ಎಂದು ತಿಳಿಯಿರಿ.

ಕೊನೆಯದಾಗಿ, ಆಗಲೇ ಹೇಳಿದ ಸಂದರ್ಭದ ಚೀಟಿಗಳು. ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ, ಸಕ್ಕರೆ ಅಚ್ಚು. ಗೌರಿ ಹಬ್ಬಕ್ಕೆ ಮೊರದ ಬಾಗಿನದ ಅಷ್ಟೂ ಸಾಮಾನು. ಇವು ವರ್ಗಗಳಲ್ಲ, ಹತ್ತು ವರ್ಗಗಳಿಂದ ಆಯ್ದು ಕಟ್ಟಿದ ಗಂಟುಗಳು, ಹಬ್ಬಕ್ಕೆ ಹದಿನೈದು ದಿನ ಮೊದಲು ಆ್ಯಪ್‌ನ ಮೊದಲ ಪುಟಕ್ಕೆ ಬಂದು ಹಬ್ಬ ಮುಗಿದ ಮರುದಿನ ಒಳಗೆ ಹೋಗಬೇಕು. ನಿಮ್ಮ ತಂದೆಯವರ ತಲೆಯಲ್ಲಿ ಇರುವುದು ಮುಖ್ಯವಾಗಿ ಇವೇ. ಬಾಣಂತಿ ಸಾಮಾನು ಎಂದು ಯಾರಾದರೂ ಬಂದು ನಿಂತರೆ ಅವರು ಇನ್ನೊಂದು ಮಾತಿಲ್ಲದೆ ಒಣಶುಂಠಿ, ಹಿಪ್ಪಲಿ, ಮೆಣಸು, ಓಮ, ಗಸಗಸೆ, ಉತ್ತತ್ತಿ, ಕೊಬ್ಬರಿ, ಬೆಲ್ಲ ಎಂದು ಕಟ್ಟುತ್ತಾರಲ್ಲವೇ? ಎಷ್ಟೆಷ್ಟು ಎಂದು ಯಾರೂ ಬರೆದಿಟ್ಟಿಲ್ಲ. ಚೊಚ್ಚಲ ಬಾಣಂತಿಗೆ ಒಂದು ಅಳತೆ, ಬೇಸಿಗೆಯಲ್ಲಿ ಹೆತ್ತವಳಿಗೆ ಇನ್ನೊಂದು ಎಂಬ ಲೆಕ್ಕವೂ ಅವರಲ್ಲಿ ಇರಬಹುದು. ಒಂದು ಭಾನುವಾರ ಅಂಗಡಿಯ ಬಾಗಿಲು ಹಾಕಿದ ಮೇಲೆ ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕುಳಿತುಕೊಳ್ಳಿ. ವರ್ಗ ಎಂಬ ಮಾತನ್ನು ಎತ್ತಲೇಬೇಡಿ. ಬಾಣಂತಿ ಸಾಮಾನು ಬರೆಸಿ ಎಂದಷ್ಟೇ ಕೇಳಿ.